ಆಮಂತ್ರಣ ಪತ್ರಿಕೆಯಲ್ಲಿ ಗುರುಗಳ ಹೆಸರು: ನಾನು ಅನುಸರಿಸುವ ಕ್ರಮ

ಮೈಸೂರಿನಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಹಾಕುವವರಿಗೆ ಚರ್ಚುಗಳ ಕೆಲಸ ವರ್ಷವಿಡೀ ಇರುತ್ತದೆ. ಮದುವೆ, ಗುರುದೀಕ್ಷೆ, ಸಂತರ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಯಾವುದೇ ಇರಲಿ, ಒಬ್ಬರಾದರೂ ಗುರುಗಳ, ಅಂದರೆ ಪಾದ್ರಿಗಳ, ಹೆಸರು ಬಂದೇ ಬರುತ್ತದೆ. ನಾನು ಕ್ರೈಸ್ತನಲ್ಲ. ಆದರೂ ಆ ಹೆಸರಿನ ಮುಂದೆ ಏನಿರಬೇಕು ಎಂಬುದು ಖಚಿತವಾಗದೆ ಪುಟವನ್ನು ಅಚ್ಚಿಗೆ ಬಿಡುವುದಿಲ್ಲ. ಮಗನ ದೀಕ್ಷೆಯ ಪತ್ರಿಕೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ತಂದೆ ತಾಯಿಯರನ್ನು ನೋಡಿದ್ದೇನೆ. ಅಂಥ ಹಾಳೆಯಲ್ಲಿ ಅಂದಾಜಿನ ಮಾತಿಗೆ ಜಾಗವಿಲ್ಲ.

ಮೊದಲು ಕೇಳುವುದು ಯಾವ ಸಭೆ, ಅಂದರೆ ಕ್ರೈಸ್ತರ ಯಾವ ಪಂಗಡ, ಎಂದು. ಕ್ಯಾಥೊಲಿಕ್ ಆದರೆ ಗುರುಗಳಿಗೆ ‘ವಂದನೀಯ ಫಾದರ್’, ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ‘ಅತಿ ವಂದನೀಯ’. ಡಾಕ್ಟರೇಟ್ ಇದ್ದರೆ ‘ಡಾ.’ ಇದರ ನಂತರ ಬರಬೇಕು, ಮುಂಚೆ ಅಲ್ಲ. ಹೆಸರಿನ ಕೊನೆಯಲ್ಲಿ ಎಸ್.ಜೆ., ಒ.ಸಿ.ಡಿ. ಎಂಬ ಅಕ್ಷರಗಳಿದ್ದರೆ ಜಾಗ ಸಾಲದೆಂದು ಅವನ್ನು ಕೈಬಿಡುವಂತಿಲ್ಲ. ಅವು ಪದವಿಯ ಗುರುತಲ್ಲ. ಆ ಗುರುಗಳು ಯೇಸುಸಭೆ, ಕಾರ್ಮೆಲ್ ಸಭೆ ಎಂಬ ಸಂನ್ಯಾಸಿ ಸಂಘಗಳಲ್ಲಿ ಯಾವುದಕ್ಕೆ ಸೇರಿದವರು ಎಂದು ಹೇಳುತ್ತವೆ. ನೇರವಾಗಿ ಧರ್ಮಕ್ಷೇತ್ರಕ್ಕೇ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೆ) ಸೇರಿದ ಗುರುಗಳಿಗೆ ಇಂಥ ಅಕ್ಷರಗಳಿರುವುದಿಲ್ಲ.

ಮಂಡ್ಯದ ಕೆಲಸ ಬಂದಾಗ ಇನ್ನೊಂದು ಪ್ರಶ್ನೆ ಸೇರುತ್ತದೆ. ಮಂಡ್ಯ ಜಿಲ್ಲೆಯ ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕರು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದವರು. ಕೇರಳ ಮೂಲದ ಸಿರೋ ಮಲಬಾರ್ ಪದ್ಧತಿಯವರಿಗೆ 2010ರಲ್ಲಿ ಮಂಡ್ಯದ ಹೆಸರಿನಲ್ಲೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಇಬ್ಬರೂ ಪೋಪ್ ಅವರ ಅಧೀನದವರೇ, ಆದರೆ ಸಂಬೋಧನೆಯ ರೀತಿ ಬೇರೆ. ಸಿರೋ ಮಲಬಾರ್ ಬಿಷಪ್ಪರ ಹೆಸರಿನ ಮುಂದೆ ‘ಮಾರ್’ ಇರುತ್ತದೆ. ಅದು ಸಿರಿಯಾಕ್ ಭಾಷೆಯ ಗೌರವಸೂಚಕ, ‘ನನ್ನ ಒಡೆಯ’ ಎಂದರ್ಥ. ಶಾಲೆಯೊಂದರ ಕಾರ್ಯಕ್ರಮಕ್ಕೆಂದು ಯುವಕನೊಬ್ಬ ತಂದ ಕೈಬರಹದ ಹಾಳೆಯಲ್ಲಿ ‘ಮಾರ್’ ಪಕ್ಕ ಚುಕ್ಕೆ ಇತ್ತು. ಅದನ್ನು ಇನಿಷಿಯಲ್ ಎಂದು ತಿಳಿದಿದ್ದ.

“ಅಣ್ಣಾ, ಹೆಸರಿನ ಮುಂದೆ ‘ಶ್ರೀ ಶ್ರೀ’ ಹಾಕಿ, ಮೇಲೆ ‘ದಿವ್ಯ ಸಾನ್ನಿಧ್ಯ’ ಎಂದು ದಪ್ಪ ಅಕ್ಷರದಲ್ಲಿ ಇರಲಿ” ಎಂದ.

“ಮಾರ್ ಎಂಬುದರಲ್ಲೇ ಆ ಗೌರವ ಇದೆಯಪ್ಪ. ಚುಕ್ಕೆ ತೆಗೆಯುತ್ತೇನೆ. ಬಿಷಪ್ಪರ ಕಚೇರಿಯಿಂದ ಬಂದ ಪತ್ರವೊಂದಿದ್ದರೆ ಅದರ ತಲೆಬರಹದ ಫೋಟೊ ಕಳಿಸು” ಎಂದೆ. ಸಂಜೆ ಕಳಿಸಿದ. ಅಲ್ಲಿದ್ದಂತೆಯೇ ಜೋಡಿಸಿದೆ.

ಮಠದ ಕಾರ್ಯಕ್ರಮಗಳ ಮಾತನ್ನು ಹಾಗೆಯೇ ತಂದು ಬಿಷಪ್ಪರ ಹೆಸರಿಗೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಅವರ ಸಭೆ ಅವರಿಗೆ ಕೊಟ್ಟ ಮಾತು ಇರುವಾಗ ನಮ್ಮ ಮಾತನ್ನು ಮೇಲೆ ಹೇರುವುದೇಕೆ?

ಪ್ರಾಟೆಸ್ಟಂಟ್ ಸಭೆಯಾದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಪತ್ರಿಕೆಯಲ್ಲಿ ‘ಫಾದರ್’ ಹಾಕುವುದಿಲ್ಲ. ಅಲ್ಲಿ ‘ರೆವರೆಂಡ್’, ಹುದ್ದೆ ‘ಸಭಾಪಾಲಕರು’. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ಈ ಸಭೆಯಾಯಿತು. ಮೈಸೂರಿನ ವೆಸ್ಲಿ ಕೆಥೆಡ್ರಲ್ ಮೂಲದಲ್ಲಿ ಮೆಥಡಿಸ್ಟರದು. ಪ್ರಾಟೆಸ್ಟಂಟರಲ್ಲಿ ಅನೇಕರು ‘ಫಾದರ್’ ಎನ್ನಲು ಹಿಂಜರಿಯುವುದಕ್ಕೆ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯವೂ ಒಂದು ಕಾರಣ. ಭೂಮಿಯ ಮೇಲೆ ಯಾರನ್ನೂ ತಂದೆ ಎನ್ನಬೇಡಿ ಎಂಬ ಯೇಸುವಿನ ಮಾತು ಅಲ್ಲಿದೆ. ಬಿಷಪ್ಪರು ಎರಡೂ ಕಡೆ ಇದ್ದಾರೆ. ಕನ್ನಡದಲ್ಲಿ ಇಬ್ಬರಿಗೂ ‘ಅತಿ ವಂದನೀಯ’ ನಡೆಯುತ್ತದೆ. ಪತ್ರಿಕೆಯ ಇಂಗ್ಲಿಷ್ ಬದಿಗೆ ಬಂದಾಗ ಕ್ಯಾಥೊಲಿಕ್ ಬಿಷಪ್ಪರು ‘ಮೋಸ್ಟ್ ರೆವರೆಂಡ್’, ಸಿ.ಎಸ್.ಐ. ಬಿಷಪ್ಪರು ‘ರೈಟ್ ರೆವರೆಂಡ್’. ಕರಡು ತಿದ್ದುವಾಗ ನನ್ನ ಬೆರಳು ಈ ಸಾಲಿನ ಮೇಲೆ ತಪ್ಪದೆ ನಿಲ್ಲುತ್ತದೆ. ಪೆಂತೆಕೊಸ್ತ ಸಭೆಗಳಲ್ಲಿ ‘ಪಾಸ್ಟರ್’ ಎಂದರೆ ಸಾಕು.

ಅಚ್ಚಿನ ಮಾತು ಬೇರೆ, ಬಾಯಿ ಮಾತು ಬೇರೆ. ಗುರುಗಳು ಅಂಗಡಿಗೆ ಬಂದರೆ “ಬನ್ನಿ ಫಾದರ್, ಕೂತುಕೊಳ್ಳಿ” ಎನ್ನುತ್ತೇನೆ. ಎದುರಿಗೆ ನಿಂತವರನ್ನು ಯಾರೂ “ವಂದನೀಯರೇ” ಎನ್ನುವುದಿಲ್ಲ. ಹಳ್ಳಿಯ ಹಿರಿಯ ಕ್ಯಾಥೊಲಿಕರು ಇಂದಿಗೂ “ಸ್ವಾಮಿ” ಎಂದೇ ಕರೆಯುತ್ತಾರೆ. ಇದು ನಮ್ಮ ಸೀಮೆಯಲ್ಲಿ ಹಳೆಯ ರೂಢಿ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಚರ್ಚ್ ಕಟ್ಟಿಸಿ, 1823ರಲ್ಲಿ ಫ್ರಾನ್ಸಿಗೆ ಮರಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎನ್ನುತ್ತಿದ್ದರು. ‘ಅಬ್ಬೆ’ ಕೂಡ ಅವರ ಹೆಸರಲ್ಲ, ಫ್ರೆಂಚರು ಪಾದ್ರಿಗಳನ್ನು ಕರೆಯುವ ಮಾತು. ಹಾಗಾಗಿ ಅಜ್ಜಿಯೊಬ್ಬರು “ನಮ್ಮ ಸ್ವಾಮಿಗಳ ಹೆಸರು ಮೇಲಿರಲಿ ಕಣಪ್ಪ” ಎಂದಾಗ ನನಗೆ ತುಂಬ ಹಿಡಿಸುತ್ತದೆ. ಪತ್ರಿಕೆಯಲ್ಲಿ ‘ವಂದನೀಯ ಫಾದರ್’ ಎಂದೇ ಹಾಕುತ್ತೇನೆ, ಅಜ್ಜಿಗೆ ಓದಿ ಹೇಳುವಾಗ ‘ಸ್ವಾಮಿಗಳು’ ಎನ್ನುತ್ತೇನೆ.

ಸಂನ್ಯಾಸಿನಿಯರಿಗೆ ‘ಸಿಸ್ಟರ್’ ಎಂಬುದು ಎಲ್ಲರಿಗೂ ಗೊತ್ತು. ಇದರಿಂದಲೇ ಸಿ.ಎಸ್.ಐ. ಸಭೆಯ ಮಹಿಳಾ ಸಭಾಪಾಲಕರ ಹೆಸರಿಗೂ ಕೆಲವರು ‘ಸಿಸ್ಟರ್’ ಎಂದು ಬರೆದು ತರುತ್ತಾರೆ. ಆ ಸಭೆಯಲ್ಲಿ ಮಹಿಳೆಯರೂ ದೀಕ್ಷೆ ಪಡೆಯುತ್ತಾರೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳೆಯೊಬ್ಬರು ಬಿಷಪ್ ಆದರು. ದೀಕ್ಷೆ ಪಡೆದವರು ಹೌದೇ ಎಂದು ಕೇಳಿ ತಿಳಿದುಕೊಂಡು, ಹೌದಾದರೆ ‘ರೆವರೆಂಡ್’ ಎಂದು ತಿದ್ದಿ, ಕರಡನ್ನು ಸಭೆಯ ಕಚೇರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬರುವಂತೆ ಹೇಳುತ್ತೇನೆ. ಸಹಿ ಬಂದ ಮೇಲೆಯೇ ಅಚ್ಚು.