ಅಳಿವೆಯ ಮೀನಿಗೆ ಮೆದು ಪ್ಲಾಸ್ಟಿಕ್ ಸ್ವಿಮ್‌ಬೇಟ್: ಪೋಣಿಸುವ ಮತ್ತು ಎಳೆಯುವ ಕ್ರಮ

ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ ಸಿಕ್ಕಿಸಿ, ಕೆರೆ-ನಾಲೆಗಳ ದಡದಲ್ಲಿ ಕಾದು ಕುಳಿತು ಗಾಳ ಹಾಕಿದ ಮಂಡ್ಯ, ಮೈಸೂರಿನವರು ನದಿ ಕಡಲು ಸೇರುವ ಕರಾವಳಿಯ ಅಳಿವೆಗೆ ಹೋದಾಗ ಮೊದಲು ಬಿಡಬೇಕಾದದ್ದು ಆ ಕಾಯುವ ಅಭ್ಯಾಸವನ್ನೇ. ಅಲ್ಲಿನ ಸೀಬಾಸ್, ಟ್ರೆವಾಲಿಯಂಥ ಮೀನುಗಳು ಈಜುವ ಮರಿಮೀನುಗಳನ್ನು ಬೇಟೆಯಾಡುವುದರಿಂದ, ಬಾಲ ಬಡಿಯುತ್ತ ಸಾಗುವ ಮೆದು ಪ್ಲಾಸ್ಟಿಕ್ ಮೀನನ್ನು, ಅಂದರೆ ಸ್ವಿಮ್‌ಬೇಟನ್ನು, ನಾವೇ ಎಳೆದು ಈಜಿಸಬೇಕು.

ಏಳು ಅಡಿಯ ರಾಡ್, 3000 ಅಳತೆಯ ಸ್ಪಿನ್ನಿಂಗ್ ರೀಲ್, 20 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ, ಅದರ ತುದಿಗೆ ಒಂದು ಮೀಟರಿನಷ್ಟು 30 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಕೊಕ್ಕೆಗೆ ಕಟ್ಟುವ ತುದಿದಾರ), 3ರಿಂದ 4 ಇಂಚಿನ ಸ್ವಿಮ್‌ಬೇಟ್‌ಗಳು ಮತ್ತು 10ರಿಂದ 14 ಗ್ರಾಂ ತೂಕದ ಜಿಗ್‌ಹೆಡ್‌ಗಳು (ಭಾರದ ತಲೆಯಿರುವ ಕೊಕ್ಕೆಗಳು) ಆರಂಭಕ್ಕೆ ಸಾಕು.

ನಿಜವಾದ ಕೆಲಸವಿರುವುದು ಪೋಣಿಸುವುದರಲ್ಲಿ. ಜಿಗ್‌ಹೆಡ್ಡನ್ನು ಪ್ಲಾಸ್ಟಿಕ್ ಮೀನಿನ ಪಕ್ಕಕ್ಕಿಟ್ಟು, ಕೊಕ್ಕೆಯ ಬಾಗು ಬೆನ್ನಿನ ಯಾವ ಜಾಗಕ್ಕೆ ಬರುತ್ತದೆಂದು ಉಗುರಿನಿಂದ ಗುರುತು ಮಾಡಿಕೊಳ್ಳಬೇಕು. ಕೊಕ್ಕೆಯ ಮೊನೆಯನ್ನು ಮೂತಿಯ ನಟ್ಟನಡುವೆ ಚುಚ್ಚಿ, ಮೈಯನ್ನು ಸ್ವಲ್ಪಸ್ವಲ್ಪವೇ ಕೊಕ್ಕೆಯ ಮೇಲೆ ಸರಿಸುತ್ತ ಬಂದು, ಗುರುತಿನ ಜಾಗದಲ್ಲಿಯೇ ಮೊನೆಯನ್ನು ಹೊರಗೆ ತೆಗೆಯಬೇಕು. ಮೇಲಿನಿಂದ ನೋಡಿದಾಗ ಮೂತಿಯಿಂದ ಬಾಲದವರೆಗೆ ಬೆನ್ನು ನೇರವಾಗಿರಬೇಕು. ಎಲ್ಲಿಯಾದರೂ ಗೂನಾಗಿದ್ದರೆ ಹೊರತೆಗೆದು ಮತ್ತೆ ಪೋಣಿಸುವುದೇ ಸರಿ. ನನ್ನ ಮೊದಲ ಪ್ರಯಾಣದಲ್ಲಿ ಹೀಗೆ ಸೊಟ್ಟಗೆ ಪೋಣಿಸಿದ ಮೀನು ಈಜದೆ ಗಿರಗಿರನೆ ತಿರುಗಿ, ದಾರವೆಲ್ಲ ಹುರಿಗಟ್ಟಿಕೊಂಡು, ಮಡಿಕೇರಿ ಘಟ್ಟ ಇಳಿದು ಹೋಗಿದ್ದ ಇಡೀ ಬೆಳಗು ವ್ಯರ್ಥವಾಯಿತು.

ಇದನ್ನು ಊರಿನಲ್ಲಿಯೇ ಪರೀಕ್ಷಿಸಬಹುದು. ಕಟ್ಟೆಯಿಂದ ನೀರು ಬಿಟ್ಟಿರುವಾಗ, ಆಳವಿಲ್ಲದ ಕಿರುಗಾಲುವೆಯೊಂದರ ದಡದಲ್ಲಿ ನಿಂತು, ಹರಿವಿಗೆ ಎದುರಾಗಿ ಸ್ವಿಮ್‌ಬೇಟನ್ನು ಹಿಡಿದರೆ ಬಾಲದ ಬಡಿತ ಕಣ್ಣಿಗೂ ಕಾಣುತ್ತದೆ, ರಾಡ್ ಹಿಡಿದ ಕೈಗೂ ಸಣ್ಣ ನಡುಕವಾಗಿ ತಿಳಿಯುತ್ತದೆ. ಆ ನಡುಕವನ್ನು ಕೈ ನೆನಪಿಟ್ಟುಕೊಳ್ಳಲಿ. ಅಳಿವೆಯ ಕಲಕು ನೀರಿನಲ್ಲಿ ಬೇರೆ ಗುರುತು ಸಿಗುವುದಿಲ್ಲ.

ಅಳಿವೆಯಲ್ಲಿ ಉಬ್ಬರದಿಂದಲೋ ಇಳಿತದಿಂದಲೋ ನೀರು ಓಡುತ್ತಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಹರಿವು ಮರಿಮೀನುಗಳನ್ನು ಹೊತ್ತು ತರುವ ಬಂಡೆಯ ಮರೆ, ಸೇತುವೆಯ ಕಂಬ, ಕಾಲುವೆಯ ಬಾಯಿಗಳಲ್ಲಿ ದೊಡ್ಡ ಮೀನು ಹೊಂಚುಹಾಕಿರುತ್ತದೆ. ಹರಿವಿನ ಮೇಲ್ಭಾಗಕ್ಕೆ ಓರೆಯಾಗಿ ಎಸೆದು, ತಳ ಮುಟ್ಟಿ ದಾರ ಸಡಿಲವಾಗುವವರೆಗೆ ಬಿಟ್ಟು, ಬಾಲ ಬಡಿಯಲು ಬೇಕಾದಷ್ಟೇ ನಿಧಾನವಾಗಿ ರೀಲು ಸುತ್ತಬೇಕು. ನಡುನಡುವೆ ನಿಲ್ಲಿಸಿ ಮುಳುಗಲು ಬಿಡಬೇಕು. ಮೀನು ಬಂದು ಕಚ್ಚುವ ಹೊಡೆತಗಳು ಬಹಳಷ್ಟು ಬೀಳುವುದು ಆ ಮುಳುಗುವ ಕ್ಷಣದಲ್ಲಿಯೇ ಆದ್ದರಿಂದ ಆಗ ದಾರವನ್ನು ಪೂರ್ತಿ ಸಡಿಲ ಬಿಡಬಾರದು. ಹೊಡೆತ ಬಿದ್ದೊಡನೆ ಗಾಬರಿಯಿಂದ ಎಳೆಯದೆ, ಮೀನಿನ ಭಾರ ಸಿಗುವವರೆಗೆ ಸುತ್ತಿ, ಅನಂತರ ರಾಡನ್ನು ಗಟ್ಟಿಯಾಗಿ ಮೇಲೆತ್ತಬೇಕು. ಸೀಬಾಸ್‌ನ ಕಿವಿರಿನ ಮುಚ್ಚಳ ಬ್ಲೇಡಿನಂತೆ ಕೊಯ್ಯುತ್ತದೆ, ಅಲ್ಲಿ ಬೆರಳಿಡಬಾರದು.

ಮರಳಿದ ದಿನವೇ ರೀಲು, ರಾಡು, ಕೊಕ್ಕೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ ಮೀನುಗಳನ್ನು ಒಂದೇ ಡಬ್ಬಿಯಲ್ಲಿಟ್ಟರೆ ಕೆಲವು ಕರಗಿ ಅಂಟಿಕೊಳ್ಳುವುದರಿಂದ, ತಂದ ಪೊಟ್ಟಣದಲ್ಲಿಯೇ ಉಳಿಸುವುದು ಒಳ್ಳೆಯದು. ಬಾಲ ಮಡಿಚಿಕೊಂಡಿದ್ದರೆ ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿ, ನೇರಮಾಡಿ, ತಣ್ಣೀರಿಗೆ ಹಾಕಿದರೆ ಹಳೆಯ ಆಕಾರಕ್ಕೆ ಬರುತ್ತದೆ.