ಚೀಲದಾಗ ಬಂದ ಹೆರಾಲ್ಡ್

ನನ್ನ ಹಳೇ ಹೆರಾಲ್ಡ್ ಕಾರು ಮನಿಗೆ ಬಂದಿದ್ದು ಟಾಟಾ ಏಸ್‌ದಾಗ, ಅದೂ ಎರಡು ಟ್ರಿಪ್. ಮೊದಲನೇದರಾಗ ಚಾಸಿ (ಕಾರಿನ ಕೆಳಗಿನ ಉಕ್ಕಿನ ಚೌಕಟ್ಟು) ಮತ್ತ ಬರೀ ತಗಡಿನ ಬಾಡಿ, ಎರಡನೇದರಾಗ ಒಂಬತ್ತು ಗೊಬ್ಬರದ ಚೀಲ. ನಟ್ಟು, ಬೋಲ್ಟು, ಗೇರು, ಡೋರ್ ಹ್ಯಾಂಡಲ್ ಎಲ್ಲಾ ಕಲಸಿ ತುಂಬಿದ್ರು. ಹಿಂದಿನ ಮಾಲಕರು ಹದಿನೈದು ವರ್ಷದ ಹಿಂದ ರಿಪೇರಿಗಂತ ಬಿಚ್ಚಿಸಿ ಅಲ್ಲಿಗೇ ಕೈಬಿಟ್ಟಿದ್ರಂತ. ನಮ್ಮ ಅವ್ವ ನೋಡಿ, "ಗುಜರಿ ಅಂಗಡಿ ಇಡಾಂವ ಏನೋ?" ಅಂದಳು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದ್ರ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ, 1961ರಿಂದ ಮದ್ರಾಸಿನಾಗ ಮಾಡ್ತಿದ್ರು, ಡಿಸೈನ್ ಇಟಲಿಯ ಮಿಕೆಲೋಟ್ಟಿ ಅವರದು. ನಂದು ಎರಡು ಬಾಗಿಲಿಂದು, ಇಂಜಿನ್ 948 ಸಿಸಿ. ಇದು ಸ್ಪೋರ್ಟ್ಸ್ ಕಾರ್ ಅಲ್ಲ ಬಿಡ್ರಿ, ಆದ್ರ 1962ರಾಗ ಬಂದ ಟ್ರಯಂಫ್ ಸ್ಪಿಟ್‌ಫೈರ್ ಅದಲ್ಲ, ಆ ಖರೇ ಸ್ಪೋರ್ಟ್ಸ್ ಕಾರ್, ಅದನ್ನ ಹೆರಾಲ್ಡ್ ಚಾಸಿನೇ ಗಿಡ್ಡ ಮಾಡಿ ಕಟ್ಟಿದ್ದು. ಅಂದ್ರ ನಮ್ಮದು ಅದರ ಅಣ್ಣ.

ಮೊದಲ ಎರಡು ತಿಂಗಳು ಬರೀ ಚೀಲ ಸುರುವಿ, ಪರಾತದಾಗ ಡೀಸೆಲ್ ಹಾಕಿ ತೊಳಿಯೋದೇ ಆಯ್ತು. ಬೋಲ್ಟೆಲ್ಲಾ ಇಂಚಿನ ಲೆಕ್ಕದವು. ಅರ್ಧ ಇಂಚಿನ ತಲಿಗೆ 13 ನಂಬರ್ ಪಾನಾ ಹಾಕಿದ್ರ ಕೂತಂಗೇ ಅನಸ್ತದ, ಸ್ವಲ್ಪ ಜೋರು ಹಾಕಿದ್ರ ಸಾಕು ಮೂಲಿ ತಿಂದು ಗುಂಡಗ ಆಗ್ತದ, ಹಂಗ ನಾಕು ಬೋಲ್ಟ್ ಹಾಳು ಮಾಡಿಕೊಂಡ ಮ್ಯಾಲೆ ಬುದ್ಧಿ ಬಂದು ಹೈದರಾಬಾದಿಗೆ ಹೋಗಿ ಇಂಚಿನ ಪಾನಾ ಸೆಟ್ ತಂದೆ. ಮೊದಲೇ ತರಬೇಕಿತ್ತು.

ಚಾಸಿ ಕೆಲಸಕ್ಕ ನಮ್ಮ ಶೆಡ್ಡಿನ ಶಹಾಬಾದ್ ಫರ್ಷಿ ಭಾಳ ಉಪಯೋಗ ಬಿತ್ತು. ನೀರ್ ಲೆವೆಲ್ ಪೈಪ್ ಹಿಡದು ನಾಕೂ ಮೂಲಿ ಸಮ ಮಾಡಿ ಚಾಸಿ ಇಟ್ಟೆ. ಹಿಂದಿನ ಎರಡು ಔಟ್‌ರಿಗ್ಗರ್ (ಬಾಡಿ ಹೊರಲಿಕ್ಕೆ ಚಾಸಿಯಿಂದ ಪಕ್ಕಕ್ಕ ಚಾಚಿದ ತೋಳು) ಜಂಗ್ ಹಿಡದು ಹಪ್ಪಳ ಆಗಿದ್ವು, ಬೆರಳಿಲೆ ಒತ್ತಿದ್ರ ಪುಡಿ ಉದುರತಿತ್ತು, ಅವನ್ನ ಕೊಯ್ದು ಹೊಸಾ ಬಾಕ್ಸ್ ಪಟ್ಟಿ ವೆಲ್ಡ್ ಮಾಡಿಸಿದೆ.

ಇನ್ನ ನಾ ಮಾಡಿದ ದೊಡ್ಡ ತಪ್ಪು ಕೇಳ್ರಿ. ಹೆರಾಲ್ಡ್ ಬಾಡಿ ಒಂದೇ ಡಬ್ಬಿ ಅಲ್ಲ. ಮುಂದಿನ ಭಾಗ ಬ್ಯಾರೆ, ಹಿಂದಿನ ಭಾಗ ಬ್ಯಾರೆ, ನಡುವ ಬೋಲ್ಟ್ ಮಾಡಿ ಚಾಸಿ ಮ್ಯಾಲೆ ಕೂಡಸ್ತಾರ. ಬಾಗಿಲಿನ ಕೀಲು ಮುಂದಿನ ಭಾಗಕ್ಕ, ಲಾಕ್ ಸಿಗೋ ಕಂಬ ಹಿಂದಿನ ಭಾಗಕ್ಕ. ಇದು ತಲಿಗೇ ಹೊಳೀಲಿಲ್ಲ. ಬಾಗಿಲ ಹಾಕದೆನೇ ಎಲ್ಲಾ ಬೋಲ್ಟ್ ಫುಲ್ ಟೈಟ್ ಮಾಡಿ, ಮೇ ತಿಂಗಳ ಬಿಸಲಾಗ ಪೇಂಟೂ ಹೊಡಿಸಿಬಿಟ್ಟೆ. ಪೇಂಟ್ ಗಾಳಿಯಾಗೇ ಒಣಗಿ ಬೀಳ್ತಿತ್ತು, ಮೈಯೆಲ್ಲಾ ಕಿತ್ತಳಿ ಸಿಪ್ಪಿ ಕಂಡಂಗ ಆಯ್ತು, ಅದೊಂದು ಬ್ಯಾರೆ ಕತಿ. ಆಮ್ಯಾಲೆ ಬಾಗಿಲ ತಂದು ಹಾಕಿದ್ರ ಕೆಳಗ ಸಂದಿನೇ ಇಲ್ಲ, ಮ್ಯಾಲೆ ಕಿರುಬೆರಳು ಹೋಗೋವಷ್ಟು ಸಂದಿ. ಜೋರಲೆ ಹಾಕಿದೆ, ಹೊಸಾ ಪೇಂಟ್ ಒಂದು ಚಿಪ್ಪು ಎದ್ದು ಬಂತು.

ಡೆಂಟಿಂಗ್ ಮಾಡೋ ಉಸ್ತಾದ್ ಬಂದ್ರು, ಒಂದು ಸುತ್ತು ಹೊಡದು, "ಬಾಗಿಲ ಹಾಕದೆ ಯಾಕ ಟೈಟ್ ಮಾಡಿದ್ರಿ ಸಾಬ್?" ಅಂತ ಒಂದೇ ಮಾತು. ಏನ್ ಹೇಳ್ಲಿ.

ಮತ್ತ ಎಲ್ಲಾ ಸಡಲ ಮಾಡಿದ್ವಿ. ಡಿಕ್ಕಿ ಕೆಳಗಿನ ಮೌಂಟಿಗೆ, ಅಂದ್ರ ಬಾಡಿ ಚಾಸಿ ಮ್ಯಾಲೆ ಕೂಡೋ ಜಾಗಕ್ಕ, ಒಂದು ಪ್ಯಾಕಿಂಗ್ ಜಾಸ್ತಿ ಕೊಟ್ರ ಹಿಂದಿನ ಭಾಗ ಮುಂದಕ್ಕ ವಾಲ್ತದ, ಬಾಗಿಲ ಮ್ಯಾಲಿನ ಸಂದಿ ಕಡಿಮಿ ಆಗ್ತದ. ಪ್ಯಾಕಿಂಗಿಗೆ ವಾಡಿ ಕಡಿಂದ ಗುಜರಿಗೆ ಬಂದ ಕನ್ವೇಯರ್ ಬೆಲ್ಟಿನ ರಬ್ಬರ್ ಕೊಯ್ದು ಬಿಲ್ಲಿ ಮಾಡಿದೆ, ಒಳಗ ಬಟ್ಟಿ ಇರ್ತದಲ್ಲ, ಹಿಚಕೊಂಡು ಹೋಗಂಗಿಲ್ಲ. ಹತ್ತು ರೂಪಾಯಿದು ಎರಡು ಕಾಯಿನ್ ಜೋಡಿಸಿ ಸಂದಿನಾಗ ಮ್ಯಾಲಿಂದ ಕೆಳಗ ಎಳಿಯೋದು, ಸಿಕ್ಕಿದಲ್ಲಿ ಮತ್ತ ಸಡಲ ಮಾಡೋದು, ಒಂದು ಬಿಲ್ಲಿ ತಗಿಯೋದು, ಮತ್ತೊಂದು ಹಾಕೋದು, ಹಿಂಗ ಮೂರು ಆಯಿತವಾರ ಹೋದ್ವು. ಕಡೀಕ ಎಡಗಡಿ ಬಾಗಿಲ ಎರಡೇ ಬೆರಳಿಲೆ ನೂಕಿದ್ರ ಟಪ್ ಅಂತ ಕೂತಿತು. ಆಮ್ಯಾಲೇ ಎರಡನೇ ಸಲ ಪೇಂಟ್, ಈ ಸಲ ಡಿಸೆಂಬರ್‌ದಾಗ.

ಇಂಜಿನ್ ಬಗ್ಗೆ ಜಾಸ್ತಿ ಹೇಳಂಗಿಲ್ಲ, ಲೇಥಿನವರು ಬೋರ್ ಮಾಡಿ ಕೊಟ್ರು, ಓವರ್‌ಸೈಜ್ ಪಿಸ್ಟನ್ ಹಾಕಿದೆ, ಮೂರನೇ ಸಲ ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಎತ್ತಕೊಂತು. ಆದ್ರ ಮುಂದಿನ ಗಾಲಿ ಟ್ರನಿಯನ್ ಮಾತ್ರ ಯಾರೂ ಮರೀಬ್ಯಾಡ್ರಿ. ಗಾಲಿ ಹಿಡಿಯೋ ಉಕ್ಕಿನ ಕಂಬದ ತುದಿಗೆ ಚೂಡಿ (ಸ್ಕ್ರೂವಿನಂಥ ಸುತ್ತು) ಇರ್ತದ, ಅದು ಹಿತ್ತಾಳಿಯಂಥ ಟ್ರನಿಯನ್ ಒಳಗ ತಿರುಗ್ತದ, ಒಂದು ಕಡಿ ಸುಲ್ಟಾ ಚೂಡಿ, ಇನ್ನೊಂದು ಕಡಿ ಉಲ್ಟಾ. ಮೆಕ್ಯಾನಿಕ್‌ಗಳು ನಿಪ್ಪಲ್ ಕಂಡಕೂಡ್ಲೇ ಗ್ರೀಸ್ ತುಂಬ್ತಾರ. ಗ್ರೀಸ್ ಅಲ್ಲ, ಗ್ರೀಸ್ ಗನ್ನಿನಾಗ ಗೇರ್ ಆಯಿಲ್ ಹಾಕಿ ತುಂಬಬೇಕು, 90 ನಂಬರ್‌ದು, ಕೆಳಗಿಂದ ಸೋರೋತನ. ಒಳಗ ಒಣಗಿ ಜಂಗ್ ಹಿಡದ್ರ ಕಂಬ ತುಂಡಾಗಿ ಗಾಲಿ ಒಳಗ ಮಡಚಿ ಬೀಳ್ತದ. ನನ್ನವು ಬಿಚ್ಚಿ ನೋಡಿದಾಗ ಹಳೇ ಗ್ರೀಸ್ ಮೇಣ ಆಗಿ ಕೂತಿತ್ತು, ಒಂದು ಕಂಬದ ಚೂಡಿ ತಿಂದಿತ್ತು, ಬದಲಿ ಕಂಬ ಸಿಗೋತನ ಆರು ತಿಂಗಳು ಕಾರು ಇಟ್ಟಿಗಿ ಮ್ಯಾಲೇ ಇತ್ತು.

ಈಗ ಆಯಿತವಾರ ಮುಂಜಾನೆ ಸೇಡಂ ರೋಡಿಗೆ ಒಂದು ರೌಂಡ್ ಹೊಡಿತೀನಿ. 25 ಅಡಿ ಜಾಗಾ ಇದ್ರ ಪೂರಾ ತಿರುಗ್ತದ, ನಮ್ಮ ಗಲ್ಲಿ ಬಾಯಿಗೆ ರಿವರ್ಸೇ ಬೇಕಿಲ್ಲ, ಆಟೋದವರು ನಿಂತು ನೋಡ್ತಾರ. ಬಲಗಡಿ ಗ್ಲಾಸ್ ಮಾತ್ರ ಇನ್ನೂ ಅರ್ಧಕ್ಕೇ ನಿಲ್ತದ, ಗ್ಲಾಸ್ ಏರಿಸಿ ಇಳಿಸೋ ಆ ವೈಂಡರಿನ ಸ್ಪ್ರಿಂಗು ಒಂಬತ್ತು ಚೀಲದಾಗೂ ಸಿಗ್ಲಿಲ್ಲ.