ಮುಸ್ಸಂಜೆಯಲ್ಲಿ ಚಂದ್ರ, ಶುಕ್ರರ ಚಿತ್ರ ತೆಗೆಯುವವರಿಗೆ

ಬಿದಿಗೆ, ತದಿಗೆಯ ಚಂದ್ರನೂ ಶುಕ್ರನೂ ಒಂದೇ ಚೌಕಟ್ಟಿನಲ್ಲಿ ಚೆನ್ನಾಗಿ ಮೂಡಬೇಕಾದರೆ, ಸೂರ್ಯ ಮುಳುಗಿದ ಸುಮಾರು 30ರಿಂದ 45 ನಿಮಿಷಗಳ ನಂತರ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗಲೇ ಚಿತ್ರ ತೆಗೆಯುವುದು ಒಳ್ಳೆಯದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿಯ ಅಳತೆ) ಎಫ್/4, ಶಟರ್ ತೆರೆದಿರುವ ಅವಧಿ ಅರ್ಧ ಸೆಕೆಂಡಿನಿಂದ ಆರಂಭಿಸಿ, ಬೆಳಕು ಇಳಿದಂತೆ ಅವಧಿಯನ್ನು ಹೆಚ್ಚಿಸುತ್ತ ಹೋಗಬಹುದು. ಒಂದೆರಡು ಸೆಕೆಂಡಿಗೆ ಬಂದಾಗ, ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಚಂದ್ರನ ಕತ್ತಲ ಭಾಗವೂ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದ ಸೊಗಸಿರುವುದೇ ಅದರಲ್ಲಿ. ಆದರೆ ಭೂಮಿ ತಿರುಗುತ್ತಿರುವುದರಿಂದ, 200 ಮಿ.ಮೀ. ಲೆನ್ಸ್‌ನಲ್ಲಿ ಇನ್ನೂ ಹೆಚ್ಚು ಹೊತ್ತು ತೆರೆದಿಟ್ಟರೆ ಶುಕ್ರ ಚುಕ್ಕೆಯಾಗಿ ಉಳಿಯದೆ ಗೀಟಾಗುತ್ತದೆ. ಫೋಕಸನ್ನು ಆಟೋದಲ್ಲಿ ಬಿಡದೆ, ಪರದೆಯಲ್ಲಿ ಚಂದ್ರನ ಅಂಚನ್ನು ಹಿಗ್ಗಿಸಿ ನೋಡುತ್ತ ಕೈಯಿಂದಲೇ ಹೊಂದಿಸಿ, 2 ಸೆಕೆಂಡಿನ ಟೈಮರ್ ಬಳಸಿ ಕ್ಲಿಕ್ಕಿಸಿ.